ಬಚ್ಚಲ ನೀರಿಗೆ ಅರಳುವ ವಸಂತ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಹೊಲಗಳಲ್ಲಿ ಹೂವಿಗೆ ಜಾಗ ಕಡಿಮೆಯಾಗುತ್ತಿದೆ. ಮಾಘ, ಫಾಲ್ಗುಣದ ಹೂಗಳನ್ನು ಉಳಿಸಿಕೊಂಡು ಬಂದಿರುವುದು ಮನೆಯ ಹಿಂದಿನ ನಾಲ್ಕು ಮಾರು ಹಿತ್ತಲು.

ಫೆಬ್ರುವರಿಯ ಎರಡನೆಯ ವಾರ, ಬೆಳಗಿನ ಏಳು ಗಂಟೆ. ನಮ್ಮ ಹಿತ್ತಲಿನ ನುಗ್ಗೆ ಮರದ ಬುಡದಲ್ಲಿ ಯಾರೋ ಚುರಮುರಿ ಚೆಲ್ಲಿ ಹೋದಂತೆ ಕಾಣುತ್ತದೆ. ರಾತ್ರಿಯಿಡೀ ಉದುರಿದ ಹೂವು ಅದು. ತಲೆಯೆತ್ತಿದರೆ ಮರದ ತುಂಬ ಅಷ್ಟೇ ಹೂವು, ಅದರ ನಡುವೆ ಹೆಬ್ಬೆರಳ ತುದಿಯಷ್ಟು ದಪ್ಪದ ಕಪ್ಪು ದುಂಬಿಗಳ ಗುಂಯ್‌ಗುಡುವಿಕೆ. ಬಚ್ಚಲಮನೆಯ ಗೋಡೆಯ ಕಿಂಡಿಯಿಂದ ಹೊರಬಿದ್ದ ನೀರು ಸಣ್ಣ ಕಾಲುವೆಯಾಗಿ ಹರಿದು ಮೊದಲು ನುಗ್ಗೆಗೆ, ಅಲ್ಲಿಂದ ಬಾಳೆಗೆ, ಕರಿಬೇವಿಗೆ, ಕೊನೆಗೆ ಮಲ್ಲಿಗೆಯ ಮಡಿಗೆ ಹೋಗುತ್ತದೆ. ಆದರೆ ಮಲ್ಲಿಗೆಯ ಮಡಿಯ ಬಾಯಿಗೆ ಅವ್ವ ಸಂಕ್ರಾಂತಿಗೂ ಮೊದಲೇ ಒಂದು ಕಲ್ಲಿಟ್ಟಿದ್ದಳು. ‘ನೀರ ಕುಡದ್ರ ಎಲಿ ಬಿಡತೈತಿ, ಹೂ ಬಿಡೂದಿಲ್ಲ’ ಎನ್ನುವುದು ಅವಳ ಲೆಕ್ಕ.

ಅವಳಿಗೆ ಈ ಲೆಕ್ಕವನ್ನು ಹೇಳಿಕೊಟ್ಟವಳು ಅವಳ ಅತ್ತೆ. ಕಾಗವಾಡ ತಾಲ್ಲೂಕಿನ ಹೊಳೆದಂಡೆಯ ನಮ್ಮೂರಿನಲ್ಲಿ ಇಂಥ ಲೆಕ್ಕಗಳು ಯಾವ ಪುಸ್ತಕದಲ್ಲೂ ಇಲ್ಲ. ಅವು ಬಚ್ಚಲ ಕಾಲುವೆಯ ಜೊತೆಗೇ ಸೊಸೆಯಿಂದ ಸೊಸೆಗೆ ಹರಿದು ಬಂದಿವೆ. ನಮ್ಮ ಸೀಮೆಯ ವಸಂತವನ್ನು ಕಾಯ್ದುಕೊಂಡು ಬಂದಿರುವುದು ಈ ಕಾಲುವೆ ಮತ್ತು ಅದರ ಬಾಯಿಗಿಟ್ಟ ಕಲ್ಲು ಎಂದು ನನಗೆ ವರ್ಷದಿಂದ ವರ್ಷಕ್ಕೆ ಹೆಚ್ಚು ಖಾತ್ರಿಯಾಗುತ್ತಿದೆ.

ಹಸುರುಂಟು, ಹೂವಿಲ್ಲ

ಮನೆಯಿಂದ ಹೊರಬಿದ್ದು ರಸ್ತೆಗೆ ಬಂದರೆ ಎರಡೂ ಬದಿಗೆ ಕಬ್ಬು. 1939ರಲ್ಲಿ ಸ್ಥಾಪನೆಯಾದ ಉಗಾರದ ಸಕ್ಕರೆ ಕಾರ್ಖಾನೆಯಿಂದ ಹಿಡಿದು ಚಿಕ್ಕೋಡಿಯ ದೂಧಗಂಗಾ ಕೃಷ್ಣಾ ಸಹಕಾರಿ ಕಾರ್ಖಾನೆಯವರೆಗೆ ಈ ಸೀಮೆಯ ಬದುಕು ನಿಂತಿರುವುದೇ ಈ ಬೆಳೆಯ ಮೇಲೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರು, ಘಟಪ್ರಭಾ ಎಡದಂಡೆ ಕಾಲುವೆಯ ನೀರು ಸೇರಿ ಎರಡು ತಲೆಮಾರಿನಲ್ಲಿ ನೆಲದ ಬಣ್ಣವನ್ನೇ ಬದಲಿಸಿವೆ. ಮಕ್ಕಳ ಓದು, ಮದುವೆ, ಮನೆಯ ಚಾವಣಿ ಎಲ್ಲವೂ ಕಬ್ಬಿನ ಬಿಲ್ಲಿನಿಂದ ಆದವು. ಆ ಋಣವನ್ನು ಮರೆತು ಮಾತಾಡಲಾರೆ.

ಆದರೆ ಜೇನುಹುಳುವಿನ ಕಣ್ಣಿನಿಂದ ಇದೇ ಹಸುರನ್ನು ಒಮ್ಮೆ ನೋಡಬೇಕು. ಕಬ್ಬು ಹುಲ್ಲಿನ ಜಾತಿ. ಅದರ ಬೆಳ್ಳಿ ಬಣ್ಣದ ತುರಾಯಿ ಗಾಳಿಗೆ ಪರಾಗ ತೂರುತ್ತದೆಯೇ ಹೊರತು ಅದರಲ್ಲಿ ಮಕರಂದದ ಹನಿಯಿಲ್ಲ. ಅದರ ಮೇಲೆ, ಹೂ ಬಿಟ್ಟ ಕಬ್ಬು ಗದ್ದೆಯಲ್ಲಿ ಹೆಚ್ಚು ದಿನ ನಿಂತರೆ ಬೆಂಡಾಗುತ್ತದೆ, ಇಳುವರಿ ಇಳಿಯುತ್ತದೆ. ಆದ್ದರಿಂದ ತುರಾಯಿ ಕಂಡರೆ ರೈತನಿಗೆ ಸಂತೋಷವಿಲ್ಲ.

ಪಶ್ಚಿಮಕ್ಕೆ ನಿಪ್ಪಾಣಿಯ ಕಡೆ ಹೋದರೆ ಬೀಡಿ ತಂಬಾಕಿನ ಹೊಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೊಂದು ಇದೇ ಬೆಳೆಗಾಗಿ ನಿಪ್ಪಾಣಿಯಲ್ಲಿದೆ. ತಂಬಾಕಿನ ಗಿಡ ಹೂ ಬಿಡಲು ಹೊರಟಾಗಲೇ ಅದರ ಕುಡಿಯನ್ನು ಚಿವುಟುತ್ತಾರೆ, ಪಕ್ಕದಿಂದ ಒಡೆಯುವ ಕವಲನ್ನೂ ತೆಗೆಯುತ್ತಾರೆ. ಗಿಡದ ಕಸುವೆಲ್ಲ ಎಲೆಗೆ ಇಳಿಯಲಿ, ಎಲೆ ದಪ್ಪವಾಗಲಿ, ಘಾಟು ಏರಲಿ ಎಂದು. ಜನವರಿ, ಫೆಬ್ರುವರಿಯಲ್ಲಿ ಕಟಾವಾಗಿ ಹೊಲದಲ್ಲಿ ಒಣಗುವ ಆ ಎಲೆಗಳಲ್ಲಿ ಬಹುಪಾಲು ಹೂವು ಕಾಣದ ಗಿಡದವು. ರಾಯಬಾಗದ ಕಡೆ ಇದೇ ಹೊತ್ತಿಗೆ ಅರಿಸಿನ ಅಗೆದು ಕುದಿಸಿ ಹರವುತ್ತಾರೆ. ಅದರ ಹೂವಿನ ಕಾಲ ಮಳೆಗಾಲದಲ್ಲೇ ಮುಗಿದಿರುತ್ತದೆ. ಅಥಣಿಯ ಪೂರ್ವಕ್ಕೆ, ತೆಲಸಂಗದ ಕಡೆ, ದ್ರಾಕ್ಷಿ ಗೊನೆಗಳು ಮಾಗಿ ಮನೂಕದ ಶೆಡ್ಡು ಸೇರುವ ಸಮಯ.

ಹಿಂದೆ ಬಿಳಿಜೋಳದ ಹೊಲದ ಅಂಚಿಗೆ ಕುಸುಬೆಯ ಸಾಲು ಇರುತ್ತಿತ್ತು. ಅದರ ಮುಳ್ಳು ದನ ನುಗ್ಗದಂತೆ ತಡೆಯುತ್ತಿತ್ತು, ಕಾಳು ಎಣ್ಣೆ ಕೊಡುತ್ತಿತ್ತು, ಕೇಸರಿ ಹೂವು ಜೇನಿಗೆ ಊಟ ಹಾಕುತ್ತಿತ್ತು. ಕಡಲೆಯ ನಡುವೆ ಅಗಸೆಯ ನೀಲಿ ಹೂವು. ಬದುವಿನ ಮೇಲೆ ಬೇವು, ಮುತ್ತಲ, ಜಾಲಿ. ಅಥಣಿಯ ಒಣಭೂಮಿಯಲ್ಲಿ ಇವು ಈಗಲೂ ಅಲ್ಲಲ್ಲಿ ಕಣ್ಣಿಗೆ ಬೀಳುತ್ತವೆ. ನೀರಾವರಿಯ ಕಡೆ ಬದು ಕರಗಿ ಕಬ್ಬಿನ ಸಾಲಾಗಿದೆ, ಮರದ ನೆರಳು ಬೆಳೆಗೆ ಬೀಳುತ್ತದೆಂದು ಬೇವಿನ ಮರಕ್ಕೆ ಕೊಡಲಿ ಬಿದ್ದಿದೆ. ಹೊಲ ಬಿಟ್ಟ ಹೂವು ಹೋಗುವುದಾದರೂ ಎಲ್ಲಿಗೆ? ಊರೊಳಗೆ, ಹಿತ್ತಲಿಗೆ.

ಬಾಯಾರಿಕೆಯ ಹೂಗಳು

ಯುರೋಪಿನಲ್ಲಿ ವಸಂತವೆಂದರೆ ಹಿಮ ಕರಗಿ ನೆಲ ನೀರು ಕುಡಿಯುವ ಕಾಲ. ನಮ್ಮದು ತದ್ವಿರುದ್ಧ. ಕೊನೆಯ ಮಳೆ ಹೋಗಿ ಮೂರ್ನಾಲ್ಕು ತಿಂಗಳಾಗಿರುತ್ತದೆ, ಹೊಳೆ ಇಳಿಯುತ್ತಿರುತ್ತದೆ, ಕರಿಮಣ್ಣು ಬಿರುಕು ಬಿಡತೊಡಗುತ್ತದೆ. ಎಲೆ ಉದುರಿಸಿ ನಿಂತ ಗಿಡಗಳು ಅಂಥ ಹೊತ್ತಿನಲ್ಲಿ ಹೂವಿಗೆ ಹೊರಡುತ್ತವೆ. ಎಲೆಗಳಿಲ್ಲದ ಕಾಲದಲ್ಲಿ ಹೂವು ದೂರಕ್ಕೆ ಕಾಣುತ್ತದೆ, ಹಕ್ಕಿ, ಹುಳುಗಳಿಗೆ ಗುರುತು ಸಿಗುತ್ತದೆ. ಬೇಸಿಗೆಯಲ್ಲಿ ಬೀಜ ಬಲಿತು ಉದುರಿದರೆ ಮೊದಲ ಮಳೆಗೆ ಮೊಳಕೆ. ಈ ಸೀಮೆಯ ಗಿಡಗಳಿಗೆ ಮುಂದಿನ ಮುಂಗಾರಿನ ಮೇಲೆ ಅಷ್ಟು ನಂಬಿಕೆ.

ಮಾವನ್ನೇ ನೋಡಿ. ಡಿಸೆಂಬರ್, ಜನವರಿಯ ತಂಪು ರಾತ್ರಿಗಳು ಅದಕ್ಕೆ ಬೇಕು, ಬಲಿತ ಟೊಂಗೆ ಬೇಕು, ಬೇರಿಗೆ ಒಂದಿಷ್ಟು ಬಾಯಾರಿಕೆ ಬೇಕು. ಆ ಹೊತ್ತಿನಲ್ಲಿ ಯಾರಾದರೂ ಅಕ್ಕರೆಯಿಂದ ಕೊಡಗಟ್ಟಲೆ ನೀರು ಹಾಕಿದರೆ ಮರ ತಾಮ್ರವರ್ಣದ ಚಿಗುರು ಬಿಡುತ್ತದೆ, ಹೂವು ಮರೆಯುತ್ತದೆ. ಎಲ್ಲವೂ ಕೂಡಿಬಂದ ವರ್ಷ ಒಂದೊಂದು ಗೊಂಚಲಿಗೆ ನೂರಾರು, ಕೆಲವೊಮ್ಮೆ ಸಾವಿರಾರು ಹೂ. ಅದರಲ್ಲಿ ಹೆಚ್ಚಿನವು ಗಂಡು ಹೂಗಳು. ಕೊನೆಯವರೆಗೆ ನಿಂತು ಹಣ್ಣಾಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ನಮ್ಮ ಓಣಿಯ ಮರಾಠಿ ಮನೆಯವರು ಈ ಹೂವಿಗೆ ‘ಮೋಹರ್’ ಎನ್ನುತ್ತಾರೆ. ಶಿವರಾತ್ರಿಯ ದಿನ ಅವರ ಮನೆಯ ಹುಡುಗ ನಮ್ಮ ಮರದಿಂದ ಒಂದು ಗೊಂಚಲು ಮುರಿದುಕೊಂಡು ಹೋಗುತ್ತಾನೆ, ಬಿಲ್ವಪತ್ರಿಯ ಜೊತೆ ಶಿವನಿಗೆ ಏರಿಸಲು. ಗಡಿಯ ಮಾತು ಎಷ್ಟೇ ಕಾವೇರಲಿ, ಆ ಗೊಂಚಲಿಗೆ ಯಾರೂ ಇಲ್ಲವೆಂದದ್ದನ್ನು ನಾನು ಕಂಡಿಲ್ಲ.

ಇನ್ನು ಮಲ್ಲಿಗೆ. ನಮ್ಮದು ದುಂಡು ಮಲ್ಲಿಗೆ. ಚಳಿಗಾಲದಲ್ಲಿ ಅದನ್ನು ನೋಡಿದರೆ ಸತ್ತ ಕಡ್ಡಿಗಳ ಕಟ್ಟು ಅನ್ನಿಸುತ್ತದೆ. ಅವ್ವ ನೀರು ನಿಲ್ಲಿಸಿ, ಎಲೆ ಬಾಡಿದ ಮೇಲೆ ಕುಡುಗೋಲು ತೆಗೆದುಕೊಂಡು ಟೊಂಗೆಗಳನ್ನು ಮೊಳಕಾಲ ಎತ್ತರಕ್ಕೆ ಸವರುತ್ತಾಳೆ. ಬುಡದ ಮಣ್ಣು ಬಿಡಿಸಿ ಒಂದೆರಡು ದಿನ ಬಿಸಿಲಿಗೆ ಬಿಡುತ್ತಾಳೆ. ಆಮೇಲೆ ಎರಡು ಬುಟ್ಟಿ ತಿಪ್ಪೆಗೊಬ್ಬರ. ಕೊನೆಗೆ ಒಂದು ಮುಂಜಾನೆ ಕಾಲುವೆಯ ಬಾಯಿಯ ಕಲ್ಲು ಸರಿಸುತ್ತಾಳೆ. ಒಣಗಿದ ಮಡಿಗೆ ನೀರು ನುಗ್ಗುವಾಗ ಮಣ್ಣು ‘ಚುರ್’ ಎಂದು ಸದ್ದು ಮಾಡುತ್ತದೆ, ನೆಲದೊಳಗಿನ ಗಾಳಿ ಗುಳ್ಳೆಯಾಗಿ ಮೇಲೆ ಬರುತ್ತದೆ. ವಾರ ಕಳೆದರೆ ಕಡ್ಡಿಯ ಗೆಣ್ಣಿನಲ್ಲಿ ಎಳ್ಳಿನಷ್ಟು ಹಸಿರು ಕಣ್ಣು. ಶಿವರಾತ್ರಿ ದಾಟಿ ಹೋಳಿಯ ಹೊತ್ತಿಗೆ ಮೊದಲ ಮೊಗ್ಗು. ಬೆಳಿಗ್ಗೆ ಬಿಗಿಯಾಗಿದ್ದ ಮೊಗ್ಗು ಸಂಜೆ ಬಿರಿಯುತ್ತದೆ, ಕತ್ತಲಾದ ಮೇಲೆ ಹಿತ್ತಲ ಬಾಗಿಲು ತೆರೆದರೆ ಮನೆಯೊಳಗೆಲ್ಲ ಅದರದೇ ವಾಸನೆ. ನಿಪ್ಪಾಣಿಯ ಓಣಿಗಳಲ್ಲಿ ಹಗಲೆಲ್ಲ ಬೀಡಿ ಕಟ್ಟಿ ತಂಬಾಕಿನ ಘಾಟಿನಲ್ಲಿ ಕೂತ ಹೆಣ್ಣುಮಕ್ಕಳು ಸಂಜೆ ಇದೇ ಮಲ್ಲಿಗೆಯ ಗೇಣುದ್ದದ ದಂಡೆಯನ್ನು ಮುಡಿಯುವುದನ್ನು ನೋಡಿದಾಗ ಹೂವಿನ ಬೆಲೆ ಏನೆಂದು ತಿಳಿಯುತ್ತದೆ.

ಗೋಡೆಯ ಕ್ಯಾಲೆಂಡರು, ಗಿಡದ ಕ್ಯಾಲೆಂಡರು

ನಮ್ಮ ಹಬ್ಬಗಳನ್ನು ಕಟ್ಟಿದವರು ಹಿತ್ತಲನ್ನು ನೋಡಿಯೇ ಕಟ್ಟಿದ್ದಾರೆ. ಭಾರತ ಹುಣ್ಣಿಮೆಗೆ ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆ. ಮಹಾರಾಷ್ಟ್ರದ ಹಳ್ಳಿಗಳಿಂದಲೂ ಬಂಡಿ ಕಟ್ಟಿಕೊಂಡು ಬರುವ ಜನ ಭಂಡಾರದಲ್ಲಿ ಹಳದಿಯಾಗುವ ಹೊತ್ತಿಗೆ ಹಿತ್ತಲಲ್ಲಿ ಶಾವಂತಿಗೆಯ ಕೊನೆಯ ಹೂ, ಚೆಂಡುಹೂವಿನ ಕೊನೆಯ ಸುಗ್ಗಿ. ಅಲ್ಲಿಂದ ಒಂದು ತಿಂಗಳಿಗೆ ಹೋಳಿ ಹುಣ್ಣಿಮೆ. ಬಯಲಿನಲ್ಲಿ ಮುತ್ತಲ ಮರ ಒಂದೂ ಎಲೆಯಿಲ್ಲದೆ ಕೆಂಡದಂತೆ ನಿಂತಿರುತ್ತದೆ. ಗಿಳಿಯ ಕೊಕ್ಕಿನಂತೆ ಬಾಗಿದ ಆ ಹೂವನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ ಕುದಿಸಿದರೆ ಕಿತ್ತಳೆ ಬಣ್ಣ. ಚಿಟಿಕೆ ಸುಣ್ಣ ಬೆರೆಸಿದರೆ ಇನ್ನೂ ಗಾಢ. ಹೋಳಿಯ ಐದನೆಯ ದಿನದ ರಂಗಪಂಚಮಿಗೆ ಹಿಂದೆ ಈ ಬಣ್ಣವೇ ಆಗಿತ್ತು. ಮೈಗೆ ಹತ್ತಿದರೆ ತುರಿಕೆಯಿಲ್ಲ, ಅಂಗಿಗೆ ಹತ್ತಿದರೆ ಎರಡು ಒಗೆತಕ್ಕೆ ಮಾಸುತ್ತದೆ.

ಮಾರ್ಚ್ ಬಂತೆಂದರೆ ಬೇವು. ಅದರ ಹೂವು ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದು, ಬಿಳಿ, ಸಂಜೆಯ ಗಾಳಿಗೆ ಜೇನಿನ ವಾಸನೆ. ಯುಗಾದಿಯ ಬೆಳಿಗ್ಗೆ ಮರದ ಕೆಳಗೆ ಹಳೆಯ ಸೀರೆ ಹಾಸಿ ಟೊಂಗೆ ಅಲ್ಲಾಡಿಸಿದರೆ ಸಾಕು. ತೆಂಕಣದಲ್ಲಿ ಬೇವು-ಬೆಲ್ಲ ಎಂದರೆ ಅಂಗೈಯಲ್ಲಿ ಹಿಡಿಯುವಷ್ಟು. ನಮ್ಮಲ್ಲಿ ಅದು ಲೋಟಗಟ್ಟಲೆ ಕುಡಿಯುವ ಪಾನಕ. ಹುಣಸೆ ನೀರು, ಹೊಸ ಬೆಲ್ಲ, ಮಾವಿನಕಾಯಿ ತುರಿ, ಪುಠಾಣಿ ಹಿಟ್ಟು, ಮನೂಕ, ಮೇಲೆ ಬೇವಿನ ಹೂವು. ಬೆಲ್ಲ ನಮ್ಮ ಗಾಣದ್ದು, ಮನೂಕ ಅಥಣಿಯ ಕಡೆಯದು, ಹೂವು ಹಿತ್ತಲಿನದು. ಸೀಮೆಯ ಐದೂ ತಾಲ್ಲೂಕು ಒಂದು ಲೋಟದಲ್ಲಿ ಕೂಡಿಬಂದಂತೆ. ಇದೇ ದಿನ ಪಕ್ಕದ ಮನೆಯ ಮಾಳಿಗೆಯ ಮೇಲೆ ಗುಡಿ ಏರುತ್ತದೆ, ಅದಕ್ಕೂ ಬೇವಿನ ಟೊಂಗೆಯೇ ಶೃಂಗಾರ. ಅಲ್ಲಿಂದ ಮೂರನೆಯ ದಿನಕ್ಕೆ ಚೈತ್ರಗೌರಿ. ಅಕ್ಷಯ ತದಿಗೆಯವರೆಗೆ ಒಂದೊಂದು ದಿನ ಒಂದೊಂದು ಮನೆಯಲ್ಲಿ ಅರಿಸಿನ-ಕುಂಕುಮ, ನೆನೆಸಿದ ಕಡಲೆಯ ಉಡಿ, ಪಾನಕ, ಕೋಸಂಬರಿ. ಹೂವಿನ ಬುಟ್ಟಿಗೆ ಹೊರಗಿನಿಂದ ತರಬೇಕಾಗುವಷ್ಟು ಮೊಗ್ಗು ಯಾರ ಮನೆಯಲ್ಲೂ ಕಡಿಮೆ ಬೀಳಬಾರದೆಂದು ಓಣಿಯ ಹೆಂಗಸರು ಮೊದಲೇ ಮಾತಾಡಿಕೊಂಡಿರುತ್ತಾರೆ.

ಅಡುಗೆಮನೆಯ ಬಾಗಿಲ ಹಿಂದೆ ತೂಗುವ ಕ್ಯಾಲೆಂಡರಿನಲ್ಲಿ ಅವ್ವ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ ಬರೆಯುತ್ತಾಳೆ. ಅವುಗಳ ನಡುವೆ ಒಂದು ಚೌಕದಲ್ಲಿ ‘ಮಲ್ಲಿಗಿ ಚಾಲೂ’ ಎಂದಿರುತ್ತದೆ. ಮೊದಲ ಮೊಗ್ಗು ಹರಿದ ದಿನ ಅದು. ಇಷ್ಟು ಸಣ್ಣ ಬರಹಕ್ಕೆ ಎಷ್ಟು ತೂಕವಿದೆ ಎಂಬುದು ನನಗೆ ಜಪಾನಿನ ಕ್ಯೋಟೋ ನಗರದ ಸುದ್ದಿ ಓದಿದಾಗ ಹೊಳೆಯಿತು. ಅಲ್ಲಿ ಅರಮನೆಯವರ, ಸನ್ಯಾಸಿಗಳ ದಿನಚರಿಗಳಲ್ಲಿ ಚೆರ್ರಿ ಹೂವು ಅರಳಿದ ದಿನದ ಉಲ್ಲೇಖ ಕ್ರಿ.ಶ. 812ರಿಂದ ಸಿಗುತ್ತದೆ. 2021ರಲ್ಲಿ ಮಾರ್ಚ್ 26ಕ್ಕೇ ಹೂವು ಪೂರ್ತಿ ಅರಳಿ ನಿಂತಾಗ, ಅಲ್ಲಿಯವರೆಗಿನ ಸಾವಿರದ ಇನ್ನೂರು ವರ್ಷಗಳ ದಾಖಲೆಯಲ್ಲಿ ಇದೇ ಅತಿ ಮುಂಚಿನದು ಎಂದು ಧೈರ್ಯವಾಗಿ ಹೇಳಲು ಸಾಧ್ಯವಾದದ್ದು ಆ ಬರಹಗಳಿಂದ. ನಮ್ಮ ದೇಶದಲ್ಲೂ ‘ಸೀಸನ್‌ವಾಚ್’ ಎಂಬ ಯೋಜನೆಯಡಿ ಶಾಲೆಯ ಮಕ್ಕಳು, ಸಾಮಾನ್ಯ ಜನ ಒಂದು ಮರವನ್ನು ಆರಿಸಿಕೊಂಡು ಅದರ ಚಿಗುರು, ಹೂವು, ಕಾಯಿಯನ್ನು ವಾರವಾರವೂ ಬರೆದಿಡುತ್ತಾರೆ. ನಮ್ಮಲ್ಲಿ ಬೇವು, ಹೊಂಗೆ ಇಲ್ಲದ ಶಾಲೆಯ ಆವರಣಗಳು ಎಷ್ಟು? ಮಕ್ಕಳ ಕೈಗೆ ಒಂದು ವಹಿ ಕೊಟ್ಟರೆ ಹತ್ತು ವರ್ಷಕ್ಕೆ ಈ ಸೀಮೆಯದೇ ಹೂವಿನ ಪಂಚಾಂಗವೊಂದು ಸಿದ್ಧವಾಗುತ್ತದೆ.

ನಾಲ್ಕು ಮಾರು ಜಾಗದಲ್ಲಿ ಏನು ಹಚ್ಚಬೇಕು?

ಹೊಸ ಮನೆ ಕಟ್ಟಿದವರು ಹಿತ್ತಲಿಗೆ ಸಿಮೆಂಟು ಬಳಿದು, ಗೇಟಿನ ಬಳಿ ನಾಲ್ಕು ಕುಂಡ ಇಡುವುದು ಹೆಚ್ಚಾಗಿದೆ. ಕಾಗದದ ಹೂವಿನ ಬಳ್ಳಿ, ಕಣಗಿಲೆ ಚಂದವೇ. ಪೂಜೆಗೆ ಕಣಗಿಲೆ ಬೇಕೇ ಬೇಕು. ಆದರೆ ಕಣಗಿಲೆಯಲ್ಲಿ ಮಕರಂದವಿಲ್ಲ, ಗಿಡವೆಲ್ಲ ವಿಷ. ದನಕರು, ಮಕ್ಕಳ ಕೈಗೆ ಸಿಗದಂತಿರಬೇಕು. ಜೇನಿಗೂ ಮನೆಗೂ ಒದಗುವಂಥದ್ದು ಬೇಕಾದರೆ ಬಚ್ಚಲ ಕಾಲುವೆಯ ಬಾಯಲ್ಲಿ ನುಗ್ಗೆ ಹಚ್ಚಿ. ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಅಡಿಯಲ್ಲಿ ನಮ್ಮದೇ ಜಿಲ್ಲೆಯ ಅರಭಾವಿ ಕಾಲೇಜು ಕೊಟ್ಟ ‘ಭಾಗ್ಯ’ ತಳಿ ಗಿಡ್ಡವಾಗಿ ಬೆಳೆದು ಬೇಗ ಹೂವಿಗೆ ಬರುತ್ತದೆ. ಒಂದು ನಿಂಬೆ, ಒಂದು ಕರಿಬೇವು, ತುಳಸಿ, ಒಂಟಿ ಸುತ್ತಿನ ದಾಸವಾಳ ಇರಲಿ. ದಾಸವಾಳಕ್ಕೆ ಸೂರಕ್ಕಿ ಬರುತ್ತದೆ, ಕರಿಬೇವಿಗೆ ಚಿಟ್ಟೆ ಮೊಟ್ಟೆಯಿಡುತ್ತದೆ. ನಮ್ಮ ನಿಂಬೆ ಗಿಡದ ಟೊಂಗೆಗೆ ಅಂಗೈಯಗಲದ ಕಡ್ಡಿಜೇನು ಮೂರು ವರ್ಷದಿಂದ ಇದೇ ಕಾಲಕ್ಕೆ ಬಂದು ಕೂರುತ್ತಿದೆ. ಜಾಗ ಇದ್ದವರು ಗೋಡೆಯಿಂದ ದೂರ ಒಂದು ಬೇವು ಹಚ್ಚಲಿ.

ನೀರಿನ ಬಗ್ಗೆ ಒಂದು ಎಚ್ಚರ. ಅಕ್ಕಿ, ಕಾಯಿಪಲ್ಲೆ ತೊಳೆದ ನೀರು, ಮೈ ತೊಳೆದ ನೀರು ಗಿಡಕ್ಕೆ ಆದೀತು. ಬಟ್ಟೆಯ ಪುಡಿ ಬೆರೆತ ನೊರೆನೀರು ಬೇಡ. ಅದರಲ್ಲಿನ ಸೋಡಿಯಂ ಕರಿಮಣ್ಣನ್ನು ಗಟ್ಟಿ ಹೆಂಟೆ ಮಾಡುತ್ತದೆ. ಹೊಳೆಯ ಆಸುಪಾಸಿನ ಎಷ್ಟೋ ಎಕರೆ ಕಬ್ಬಿನ ಭೂಮಿ ಅತಿ ನೀರಿನಿಂದ ಸವಳಾದದ್ದನ್ನು ಕಣ್ಣಾರೆ ಕಂಡವರು ನಾವು. ಹಿತ್ತಲಲ್ಲೂ ಅದೇ ತಪ್ಪು ಆಗಬಾರದು. ಕಬ್ಬು ಕಡಿದ ಮೇಲೆ ಬೆಂಕಿ ಹಚ್ಚುವ ರವದಿಯನ್ನು ಎರಡು ಹೊರೆ ತಂದು ಗಿಡದ ಬುಡಕ್ಕೆ ಹೊದಿಸಿದರೆ ನೀರಿನ ಖರ್ಚು ಇಳಿಯುತ್ತದೆ, ಎರೆಹುಳುವೂ ಸೇರಿಕೊಳ್ಳುತ್ತದೆ. ಮತ್ತೆ, ಮಾವು ಹೂವಿನಲ್ಲಿದ್ದಾಗ ಜಿಗಿಹುಳು ಕಂಡಿತೆಂದು ಹಗಲಲ್ಲಿ ಔಷಧ ಹೊಡೆಯಬೇಡಿ. ಹೂವಿನ ಮೇಲೆ ಆಗ ಕೂತಿರುವುದು ನಿಮ್ಮ ಮಾವಿನಕಾಯಿಯನ್ನು ಕಟ್ಟಿಕೊಡಬೇಕಾದ ನೊಣ, ಜೇನುಗಳೇ.

ತಿರುಗಿ ಬಂದ ಕಡ್ಡಿ

2019ರ ಆಗಸ್ಟಿನಲ್ಲಿ ಕೃಷ್ಣೆ ಊರೊಳಗೆ ಬಂದಳು. ನಾವು ಎಮ್ಮೆ ಹೊಡೆದುಕೊಂಡು, ಕೈಗೆ ಸಿಕ್ಕಷ್ಟು ಪಾತ್ರೆ, ಕಾಗದಪತ್ರ ಹೊತ್ತುಕೊಂಡು ರಾಯಬಾಗದ ಕಡೆಯ ಸೋದರತ್ತೆಯ ಮನೆಗೆ ಹೋದೆವು. ತಿರುಗಿ ಬಂದಾಗ ಹಿತ್ತಲಲ್ಲಿ ಗೇಣುದ್ದ ರಾಡಿ. ಗೋಡೆಯ ಮೇಲೆ ನೀರು ನಿಂತ ಗೆರೆ ನನ್ನ ಎದೆಮಟ್ಟಕ್ಕಿತ್ತು. ಮಾವು, ಬೇವು ತಡೆದುಕೊಂಡವು. ಅಜ್ಜಿ ಹಚ್ಚಿದ ಮಲ್ಲಿಗೆ ಬೇರು ಕೊಳೆತು ಹೋಗಿತ್ತು. ಮನೆಯ ಗೋಡೆ ಬಿದ್ದಾಗಲೂ ಅಳದ ಅವ್ವ ಆ ಕಡ್ಡಿಗಳನ್ನು ಕಿತ್ತು ತಿಪ್ಪೆಗೆ ಒಯ್ಯುವಾಗ ಅತ್ತಳು.

ಆ ಮಲ್ಲಿಗೆಯ ಒಂದು ಕಡ್ಡಿಯನ್ನು ಬಹಳ ವರ್ಷಗಳ ಹಿಂದೆ ಅಜ್ಜಿ ತನ್ನ ಮಗಳಿಗೆ, ಅಂದರೆ ಅದೇ ಸೋದರತ್ತೆಗೆ, ಉಡಿಯಲ್ಲಿ ಹಾಕಿ ಕಳಿಸಿದ್ದಳು. ಮರುವರ್ಷದ ಮುಂಗಾರಿಗೆ ಸೋದರತ್ತೆ ಬಂದಾಗ ಅವಳ ಕೈಚೀಲದಲ್ಲಿ ಒದ್ದೆ ಗೋಣಿತಾಟಿನಲ್ಲಿ ಸುತ್ತಿದ ನಾಲ್ಕು ಕಡ್ಡಿ ಇದ್ದವು. ಎರಡು ಬಾಡಿದವು, ಎರಡು ಚಿಗುರಿದವು. 2021ರ ಜುಲೈಯಲ್ಲಿ ಹೊಳೆ ಮತ್ತೆ ಏರಿತು. ಈ ಸಲ ಮನೆ ಬಿಡುವ ಮೊದಲು ಅವ್ವ ಒಂದು ಗಿಡವನ್ನು ಮಣ್ಣು ಸಮೇತ ಬುಟ್ಟಿಯಲ್ಲಿಟ್ಟು ಟ್ರ್ಯಾಕ್ಟರಿಗೆ ಏರಿಸಿದಳು. ಈಗ ಹಿತ್ತಲಲ್ಲಿರುವುದು ಅದು.

ಇಂಥ ಕಥೆ ನಮ್ಮ ಮನೆಯದೊಂದೇ ಅಲ್ಲ. ಹೊಳೆದಂಡೆಯ ಊರುಗಳಲ್ಲಿ ಯಾವ ಹಿತ್ತಲಿನ ಗಿಡವನ್ನು ಕೇಳಿದರೂ ಅದು ಇನ್ನೊಂದು ಹಿತ್ತಲಿನ ಹೆಸರು ಹೇಳುತ್ತದೆ. ಹೂವಿನ ಗಿಡವನ್ನು ಕೊಡುವುದೆಂದರೆ ನಮ್ಮ ಹೆಂಗಸರಿಗೆ ಬೇರೆ ಊರಿನಲ್ಲಿ ಒಂದು ಪ್ರತಿಯನ್ನು ಜೋಪಾನ ಮಾಡಿಟ್ಟಂತೆ. ಬೀಜದ ಬ್ಯಾಂಕು ಎಂಬ ಮಾತು ಕೇಳುವ ಎಷ್ಟೋ ಮೊದಲು ಅವರು ಅದನ್ನು ನಡೆಸುತ್ತಿದ್ದರು.

ಈ ವರ್ಷ ಕಾಲುವೆಯ ಕಲ್ಲು ಸರಿಸಿ ಮೂರು ವಾರವಾಯಿತು. ಮಲ್ಲಿಗೆಯ ಗೆಣ್ಣುಗಳಲ್ಲಿ ಚಿಗುರು ಎರಡು ಬೆರಳು ಉದ್ದ ಬಂದಿದೆ. ನಿನ್ನೆ ಸಂಜೆ ಓಣಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು ಹಿತ್ತಲ ಬೇಲಿಯ ಆಚೆ ನಿಂತು, ‘ಅತ್ತಿ, ನನಗೊಂದ ಕಡ್ಡಿ ಕೊಡತೀರೇನ್ರಿ?’ ಎಂದು ಕೇಳಿದಳು. ‘ಈಗ ಬ್ಯಾಡವ್ವಾ, ಮೊಗ್ಗಿಗೆ ಬರೂ ಹೊತ್ತು. ಮಿರಗದ ಮಳಿ ಬೀಳಲಿ, ಎರಡ ಒಯ್ಯಿ’ ಎಂದಳು ಅವ್ವ. ‘ಬಚ್ಚಲ ಕಾಲುವಿ ಮಾತ್ರ ಈಗ ತೋಡಿ ಇಡು.’